ಹಳಗನ್ನಡ ತರಗತಿಯಲ್ಲಿ ತಂತ್ರಜ್ಞಾನ: ಭಾವಿ ಅಧ್ಯಾಪಕರ ಮುಂದಿರುವ ಪ್ರಶ್ನೆ

ಕನ್ನಡ ಸ್ನಾತಕೋತ್ತರ ಪದವಿಯನ್ನು ಮುಗಿಸಿ ಬಿ.ಇಡಿ. ತರಗತಿಗೆ ಸೇರುವ ವಿದ್ಯಾರ್ಥಿ ಬೋಧನಾಭ್ಯಾಸಕ್ಕೆ ಹೊರಡುವ ಮೊದಲೇ ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ: ತರಗತಿಯಲ್ಲಿ ತಂತ್ರಜ್ಞಾನವನ್ನು ಹೇಗೆ ಬಳಸುವಿರಿ? ಉತ್ತರ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ. ಪ್ರೊಜೆಕ್ಟರು, ಸ್ಲೈಡು, ವಿಡಿಯೊ ತುಣುಕು, ಮೊಬೈಲಿನಲ್ಲಿ ರಸಪ್ರಶ್ನೆ. ವಿಜ್ಞಾನದ ಪಾಠಕ್ಕೂ ಅದೇ ಉತ್ತರ, ಪಂಪನ ಪದ್ಯಕ್ಕೂ ಅದೇ ಉತ್ತರ. ಸಾಧನಗಳ ಪಟ್ಟಿಯಿಂದ ಆರಂಭವಾಗುವ ಈ ಚಿಂತನೆಯಲ್ಲಿ ವಿಷಯದ ಸ್ವರೂಪಕ್ಕೆ ಜಾಗವಿಲ್ಲ. ಹಳಗನ್ನಡವನ್ನು ಬೋಧಿಸಹೊರಟವರು ಇದಕ್ಕಿಂತ ಮೊದಲಿನ ಪ್ರಶ್ನೆಯೊಂದನ್ನು ಕೇಳಿಕೊಳ್ಳಬೇಕು. ಓದು ಎಂಬ ಕ್ರಿಯೆಯಲ್ಲಿ ಯಾವ ಭಾಗವನ್ನು ಸಾಧನಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು?

ಈ ಪ್ರಶ್ನೆ ಇಂದಿನದಲ್ಲ. ಹಳಗನ್ನಡದ ತರಗತಿಯೇ ತಂತ್ರಜ್ಞಾನದ ಕೂಸು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದೊಂದು ಪ್ರತಿಯ ಹಿಂದೆಯೂ ಹದಮಾಡಿದ ಓಲೆ, ಕಂಟ, ಮಸಿ ಮತ್ತು ನುರಿತ ಲಿಪಿಕಾರನ ಕೈ ಇದ್ದವು. 941ರ ವಿಕ್ರಮಾರ್ಜುನ ವಿಜಯ ಅಚ್ಚಿನ ರೂಪಕ್ಕೆ ಬಂದದ್ದು 1898ರಲ್ಲಿ, ಬಿ.ಎಲ್. ರೈಸ್ ಅವರ ಸಂಪಾದನೆಯಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ ಅವರ ನಿಘಂಟು ಹೊರಬಂದಿತ್ತು. ನಲವತ್ತು ವಿದ್ಯಾರ್ಥಿಗಳು ಒಂದೇ ಹೊತ್ತಿನಲ್ಲಿ ಒಂದೇ ಪದ್ಯವನ್ನು ಕಣ್ಣಮುಂದಿಟ್ಟುಕೊಂಡು ಓದುವ ಏರ್ಪಾಡು ಸಾಧ್ಯವಾದದ್ದು ಇವುಗಳ ನಂತರವೇ. ಆದ್ದರಿಂದ ತಂತ್ರಜ್ಞಾನವನ್ನು ಹೊರಗಿನಿಂದ ನುಗ್ಗಿದ ಶತ್ರುವೆಂದು ಕಾಣುವ ಹಿರಿಯರ ನಿಲುವಿಗೆ ಚರಿತ್ರೆಯ ಬೆಂಬಲವಿಲ್ಲ.

ಆದರೆ ಅದೇ ಚರಿತ್ರೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಪ್ರತಿಯೊಂದು ಸಾಧನವೂ ಓದುಗನ ಕೆಲಸದ ಒಂದು ಪಾಲನ್ನು ಮೊದಲೇ ಮಾಡಿಟ್ಟಿರುತ್ತದೆ. ಓಲೆಯ ಮೇಲೆ ಪದಗಳ ನಡುವೆ ತೆರಪಿಲ್ಲ. ಪದ್ಯ ಮುಗಿದಲ್ಲಿ ಹೊಸ ಸಾಲು ಆರಂಭವಾಗುವುದಿಲ್ಲ. ಎಕಾರ ಒಕಾರಗಳ ಹ್ರಸ್ವ ದೀರ್ಘಗಳನ್ನು ಹಲವೆಡೆ ಓದುವವನೇ ತಿಳಿದುಕೊಳ್ಳಬೇಕು. ಅಚ್ಚಿನ ಪುಸ್ತಕದಲ್ಲಿ ಪದ್ಯಗಳಿಗೆ ಸಂಖ್ಯೆ ಬಿದ್ದಿದೆ, ಸಾಲುಗಳು ಒಡೆದಿವೆ, ಪದಗಳು ಬೇರ್ಪಟ್ಟಿವೆ, ಪಾಠಾಂತರಗಳು ಅಡಿಟಿಪ್ಪಣಿಗೆ ಇಳಿದಿವೆ. ಇವೆಲ್ಲ ಸಂಪಾದಕನ ತೀರ್ಮಾನಗಳು. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಅಡಿಟಿಪ್ಪಣಿಯೂ ಕಳಚಿಹೋಗಿ, ಒಂದು ಪಾಠ ಮಾತ್ರ ಕವಿಯೇ ಬರೆದಿಟ್ಟಂತೆ ಉಳಿಯುತ್ತದೆ. ಸಂಪಾದಕನಿಗೆ ಕನ್ನಡ ಓದುಗರು ಋಣಿಗಳು, ನಿಜ. ಆದರೂ ಅವನು ತಮ್ಮ ಪರವಾಗಿ ಎಷ್ಟನ್ನು ಓದಿ ಕೊಟ್ಟಿದ್ದಾನೆಂಬುದು ವಿದ್ಯಾರ್ಥಿಗೆ ತಿಳಿದಿರಬೇಕು. ಸಾಧನವು ಮುಚ್ಚಿಟ್ಟ ಈ ಪಾಲನ್ನು ತೆರೆದು ತೋರಿಸುವುದೇ ಅಧ್ಯಾಪಕನ ಕೆಲಸ. ಡಿಜಿಟಲ್ ಸಾಧನದ ವಿಷಯದಲ್ಲಿಯೂ ಮಾನದಂಡ ಇದೇ ಆಗಬೇಕು: ಅದು ಓದಿನ ಹಾದಿಯನ್ನು ತೆರೆಯುತ್ತಿದೆಯೋ, ಮುಚ್ಚುತ್ತಿದೆಯೋ?

ತೆರೆಯುವ ಉದಾಹರಣೆಗಳು ಧಾರಾಳವಾಗಿವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಸುಮಾರು 700ರ ನಂದಿಸೇನ ಮುನಿಯ ನಿಸಿದಿ ಶಾಸನವನ್ನು ಸಾಹಿತ್ಯದ ವಿದ್ಯಾರ್ಥಿಗಳು ಪುಸ್ತಕದ ಪದ್ಯವಾಗಿ ಬಲ್ಲರು. ಅದು ಬಂಡೆಯ ಮೇಲಿನ ಬರಹವೆಂಬುದು ಅನೇಕರಿಗೆ ಮಾಹಿತಿಯಾಗಿ ಗೊತ್ತಿದೆ, ಅನುಭವವಾಗಿ ಗೊತ್ತಿಲ್ಲ. ಬೆಳಗೊಳದ ಶಾಸನಗಳ ಸಂಪುಟವನ್ನು ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅದನ್ನು ವಿಸ್ತರಿಸಿ 1923ರಲ್ಲಿ ಮತ್ತೆ ತಂದರು. ಈ ಎರಡು ಆವೃತ್ತಿಗಳ ನಡುವೆ ಶಾಸನಗಳ ಸಂಖ್ಯೆ ಬಹುವಾಗಿ ಬೆಳೆಯಿತು. ಬೆಟ್ಟವನ್ನು ಮತ್ತೆ ಮತ್ತೆ ಹತ್ತಿ, ಬಂಡೆಯ ಮೇಲೆ ಒದ್ದೆಕಾಗದವನ್ನು ಹೊಡೆದು ಪಡಿಯಚ್ಚು ತೆಗೆದವರ ಶ್ರಮ ಅದರ ಹಿಂದಿದೆ. ಇಂದು ಬಂಡೆಯ ಚಿತ್ರ, ಪಡಿಯಚ್ಚಿನ ಚಿತ್ರ, ಅಚ್ಚಾದ ಪಾಠ ಇವು ಮೂರನ್ನೂ ಒಂದೇ ತೆರೆಯ ಮೇಲೆ ಅಕ್ಕಪಕ್ಕ ಇಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಪರಿಸರದ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುತ್ತ ಬಂದಿದೆ. ಅಂಥ ಪ್ರತಿಯಲ್ಲಿ ಬೆಳಕಿನ ದಿಕ್ಕನ್ನು ಬದಲಿಸಿದರೆ ಸವೆದ ಗೀರುಗಳು ಅಕ್ಷರಗಳಾಗಿ ಎದ್ದುಬರುತ್ತವೆ. ತರಗತಿಯ ವಿದ್ಯಾರ್ಥಿ ಅಲ್ಲಿ ಒಂದು ಅಕ್ಷರವನ್ನಾದರೂ ತಾನೇ ಗುರುತಿಸಿದರೆ, ಪಾಠ ಎಂಬುದು ನಿರ್ಣಯದ ಫಲವೆಂಬ ಅರಿವು ಅವನಿಗೆ ಉಪದೇಶವಿಲ್ಲದೆಯೇ ಉಂಟಾಗುತ್ತದೆ.

ಧ್ವನಿಯ ವಿಷಯವೂ ಹೀಗೆಯೇ. ನಮ್ಮ ಪ್ರಾಚೀನ ಕಾವ್ಯ ಮೌನವಾಚನಕ್ಕಾಗಿ ಹುಟ್ಟಿದ್ದಲ್ಲ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಂಥ ಗಮಕಿಗಳ ವಾಚನವನ್ನು ಧ್ವನಿಮುದ್ರಿಕೆಯಲ್ಲಿ ಕೇಳಿಸುವುದು ಸಂಗೀತದ ಮನರಂಜನೆಯಲ್ಲ. ಯತಿ ಎಲ್ಲಿ, ಪದ ಎಲ್ಲಿ ಮುಗಿಯುತ್ತದೆ, ಅನ್ವಯ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಕಿವಿಯ ಸಾಕ್ಷ್ಯ. ಹತ್ತಿರದಲ್ಲಿ ಗಮಕಿಗಳಿಲ್ಲದ ಊರಿನ ಶಾಲೆಗೆ ಇದು ಸಣ್ಣ ಲಾಭವಲ್ಲ. ಕಿಟೆಲ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಇಲ್ಲದ ಕಾಲೇಜಿನ ವಿದ್ಯಾರ್ಥಿಗೆ ಮೊಬೈಲಿನಲ್ಲಿ ತೆರೆಯುವ ನಿಘಂಟು ವರವೇ ಸರಿ. ಗ್ರಂಥಾಲಯವಿದ್ದ ನಗರದಲ್ಲಿ ಓದಿದವರು ಇದನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಮುಚ್ಚುವ ಉದಾಹರಣೆಗಳು ಕಣ್ಣಿಗೆ ಇಷ್ಟು ಸುಲಭವಾಗಿ ಬೀಳುವುದಿಲ್ಲ. ಹಳಗನ್ನಡದ ರಳ ಮತ್ತು ಶಕಟರೇಫಗಳನ್ನು, ಎಂದರೆ ೞ ಮತ್ತು ಱ ಅಕ್ಷರಗಳನ್ನು ತೆಗೆದುಕೊಳ್ಳಬಹುದು. ‘ಬಾೞ್’ ಎಂದರೆ ಬದುಕು. ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಹೇಳಬೇಕಾಯಿತು. ಭೇದ ಮಸಕಾಗತೊಡಗಿದ್ದ ಕಾಲದಲ್ಲಿ ಅದನ್ನು ಉಳಿಸುವ ಯತ್ನವಾಗಿ ಅದನ್ನು ಓದಬಹುದು. ಕಂಪ್ಯೂಟರಿನ ಜಾಗತಿಕ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ಈ ೞ ಅಕ್ಷರಕ್ಕೆ ಮೊದಲು ಬಿದ್ದ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮ ಅಲ್ಲಿರುವುದರಿಂದ ಆ ಹೆಸರು ಹಾಗೆಯೇ ಉಳಿದಿದೆ; ತಿದ್ದುಪಡಿಯನ್ನು ಪರ್ಯಾಯ ನಾಮವಾಗಿ ಮಾತ್ರ ಸೇರಿಸಲಾಗಿದೆ. ಅಕ್ಷರ ಸರಿಯಾಗಿಯೇ ಮೂಡುತ್ತದೆ, ಆದ್ದರಿಂದ ಇದರಿಂದ ಹಾನಿಯಿಲ್ಲ. ಆದರೆ ಸಾಧನವನ್ನು ರೂಪಿಸುವವರಿಗೂ ಭಾಷೆಯ ಒಳಹೊರಗನ್ನು ಬಲ್ಲವರಿಗೂ ನಡುವೆ ಇರುವ ದೂರವನ್ನು ಈ ಒಂದು ಹೆಸರು ಅಳೆದು ತೋರಿಸುತ್ತದೆ.

ಹಾನಿ ಉಂಟಾಗುವುದು ಮುಂದಿನ ಹಂತದಲ್ಲಿ. ಬೆರಳಚ್ಚಿನ ಅನುಕೂಲಕ್ಕಾಗಿ ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ ಹಾಕಿ ಸಿದ್ಧಪಡಿಸಿದ ಪಠ್ಯದಲ್ಲಿ ಹುಡುಕಾಟ ನಡೆಸಿದ ವಿದ್ಯಾರ್ಥಿಗೆ ಬದುಕು ಮತ್ತು ಕತ್ತಿ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ವೀರಕಾವ್ಯದಲ್ಲಿ ಬಾಳು ಎಷ್ಟು ಸಲ ಬಂದಿದೆಯೆಂದು ಅಂಥ ಪಠ್ಯದಿಂದ ಎಣಿಸಿ ಪ್ರಬಂಧ ಬರೆದರೆ ಆ ಸಂಖ್ಯೆಗೆ ಅರ್ಥವಿರುವುದಿಲ್ಲ. ಮೂಲಪಾಠದಲ್ಲಿ ಯಾವ ಅಕ್ಷರವಿತ್ತೆಂದು ತಿರುಗಿ ನೋಡುವ ಅಭ್ಯಾಸವನ್ನು ಕಲಿಸಿದ್ದರೆ ಮಾತ್ರ ಹುಡುಕು-ಗುಂಡಿ ಸಂಶೋಧನೆಯ ಸಾಧನವಾಗುತ್ತದೆ.

ಛಂದಸ್ಸಿನ ತರಗತಿ ಇನ್ನೂ ಸ್ಪಷ್ಟವಾದ ನಿದರ್ಶನ. ಕಂದಪದ್ಯದ ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು, ಒಟ್ಟು 64. ಓಲೆಯಿಂದ ಓಲೆಗೆ ನಕಲಾಗುತ್ತ ಬಂದ ಪಾಠದಲ್ಲಿ ಒಂದು ಮಾತ್ರೆ ಕಡಿಮೆಯಾದರೆ ಎಲ್ಲೋ ದೋಷವಿದೆಯೆಂದು ಲೆಕ್ಕವೇ ಕೂಗಿ ಹೇಳುತ್ತದೆ. ಛಂದಸ್ಸು ಅಲಂಕಾರ ಮಾತ್ರವಲ್ಲ, ತಪ್ಪು ಹಿಡಿಯುವ ತಕ್ಕಡಿ. ಪದ್ಯವನ್ನು ಕೊಟ್ಟರೆ ಲಘುಗುರು ಗುರುತಿಸಿ ಮಾತ್ರೆ ಎಣಿಸುವ ಕ್ರಮವಿಧಿಯನ್ನು ಕಂಪ್ಯೂಟರಿಗೆ ಬರೆಯುವುದು ಕಷ್ಟವಲ್ಲ. ಆದರೆ ‘ಅಮರ್ದು’, ‘ಪೊಗೞ್ದು’ ಮೊದಲಾದ ರೂಪಗಳಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ನಿಲ್ಲಬಹುದು. ಕೇಶಿರಾಜ ಇದನ್ನು ಶಿಥಿಲದ್ವಿತ್ವವೆಂದು ವಿವರಿಸಿದ್ದಾನೆ. ಒತ್ತಕ್ಷರದ ಹಿಂದಿನದು ಗುರುವೆಂಬ ಸೂತ್ರವನ್ನಷ್ಟೇ ಬಲ್ಲ ಯಂತ್ರ ಇಲ್ಲಿ ಒಂದು ಮಾತ್ರೆಯನ್ನು ಹೆಚ್ಚಾಗಿ ಎಣಿಸಿ ಕವಿಯ ಮೇಲೆ ಛಂದೋಭಂಗದ ಆರೋಪ ಹೊರಿಸುತ್ತದೆ. ಬೆರಳು ಮಡಿಚಿ ಎಣಿಸುತ್ತ, ನಾಲಗೆಯಿಂದ ಉಚ್ಚರಿಸುತ್ತ ಕಲಿತ ವಿದ್ಯಾರ್ಥಿಗೆ ಅಲ್ಲಿ ಒತ್ತು ತೇಲಿಹೋಗುವುದು ಕೇಳಿಸುತ್ತದೆ. ಯಂತ್ರದ ಲೆಕ್ಕಕ್ಕೂ ಕಿವಿಯ ಲೆಕ್ಕಕ್ಕೂ ವ್ಯತ್ಯಾಸ ಬಂದಾಗ ಕಾರಣವೇನೆಂದು ತರಗತಿ ಚರ್ಚಿಸಿದರೆ ಒಂದು ಉತ್ತಮ ಪಾಠವೇ ಆಯಿತು. ಕಿವಿಯ ಲೆಕ್ಕವೇ ಇಲ್ಲದ ತರಗತಿಯಲ್ಲಿ ಯಂತ್ರದ ತಪ್ಪೇ ಸತ್ಯವಾಗಿ ನಿಲ್ಲುತ್ತದೆ.

ಈಗ ಪ್ರಶ್ನೆಯನ್ನು ತೀವ್ರಗೊಳಿಸಿರುವುದು ಕೃತಕ ಬುದ್ಧಿಮತ್ತೆಯ ಉಪಕರಣಗಳು. ಹಳಗನ್ನಡದ ಪದ್ಯವನ್ನು ಕೊಟ್ಟರೆ ಕ್ಷಣದಲ್ಲಿ ಹೊಸಗನ್ನಡದ ಗದ್ಯ ಸಿಗುತ್ತದೆ. ಇದು ಹೊಸ ಪ್ರಲೋಭನೆಯೇನಲ್ಲ. ಪರೀಕ್ಷೆಯ ಗೈಡುಗಳು ದಶಕಗಳಿಂದ ಇದೇ ಕೆಲಸವನ್ನು ಮಾಡಿವೆ. ಆದರೆ ಗೈಡಿನ ತಪ್ಪು ಎಲ್ಲರ ಕೈಯಲ್ಲೂ ಒಂದೇ ಆಗಿರುತ್ತಿತ್ತು. ಬಲ್ಲ ಅಧ್ಯಾಪಕ ಒಮ್ಮೆ ತಿದ್ದಿದರೆ ತರಗತಿಯೆಲ್ಲ ತಿದ್ದಿಕೊಳ್ಳುತ್ತಿತ್ತು. ಈ ಉಪಕರಣದ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಬಗೆ. ಅಲ್ಲದೆ ಸರಿಯಾದ ಅರ್ಥವನ್ನು ಹೇಳುವ ಸರಾಗತೆಯಿಂದಲೇ ಅದು ತಪ್ಪು ಅರ್ಥವನ್ನೂ ಹೇಳಬಲ್ಲದು. ನಿಘಂಟುಕಾರ ಸಂದೇಹವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುತ್ತಾನೆ. ಸಂಪಾದಕ ತ್ರುಟಿತ ಭಾಗಕ್ಕೆ ಚುಕ್ಕೆಗಳನ್ನು ಇಡುತ್ತಾನೆ. ಅರಿಯದ ಎಡೆಯಲ್ಲಿ ನಿಲ್ಲುವುದು ವಿದ್ವತ್ತಿನ ಶೀಲ. ನಿಲ್ಲಬೇಕಾದಲ್ಲಿ ನಿಲ್ಲದೆ ಹರಿಯುವ ಗದ್ಯವನ್ನು ಪರೀಕ್ಷಿಸಬೇಕಾದರೆ ಪದ್ಯವನ್ನು ಬಿಡಿಸಿ, ಸಂಧಿಯನ್ನು ಒಡೆದು, ಅನ್ವಯಿಸಿ ನೋಡುವ ಶಕ್ತಿ ಬೇಕು. ಆ ಶಕ್ತಿ ಇರುವವರಿಗೆ ಉಪಕರಣ ಚುರುಕಾದ ಸಹಾಯಕ. ಇಲ್ಲದವರಿಗೆ ಪ್ರಶ್ನಿಸಲಾಗದ ಗುರು.

ಇಲ್ಲಿಯೇ ಭಾವಿ ಅಧ್ಯಾಪಕರ ಸ್ವಂತ ಸ್ಥಿತಿಯ ಪ್ರಶ್ನೆ ಬರುತ್ತದೆ. ಹಳಗನ್ನಡವನ್ನು ನೇರವಾಗಿ ಓದಬಲ್ಲವರ ಸಾಲು ತೆಳುವಾಗುತ್ತಿದೆಯೆಂಬ ಕಳವಳ ಕನ್ನಡ ವಿಭಾಗಗಳಲ್ಲಿ ಹೊಸದಲ್ಲ. ಇಂದು ತರಬೇತಿ ಪಡೆಯುತ್ತಿರುವವರು ಮುಂದಿನ ಮೂವತ್ತು ವರ್ಷ ಬೋಧಿಸುವವರು. ಅವರೇ ತಮ್ಮ ಪಾಠಕ್ಕೆ ಅರ್ಥವನ್ನು ಯಂತ್ರದಿಂದ ಪಡೆದು ಸ್ಲೈಡಿಗೆ ಏರಿಸುವವರಾದರೆ, ವಿದ್ಯಾರ್ಥಿಯ ಕೈಯಲ್ಲಿ ಇರುವುದೂ ಅದೇ ಯಂತ್ರವಾದ್ದರಿಂದ ಅಧ್ಯಾಪಕರ ಅಗತ್ಯವಾದರೂ ಏನು? ಈ ಪ್ರಶ್ನೆಯನ್ನು ಸರ್ಕಾರ ಕೇಳುವ ಮೊದಲು ವಿದ್ಯಾರ್ಥಿಯೇ ಕೇಳುತ್ತಾನೆ.

ಸಾಧನದ ಮೇಲಿನ ಪೂರ್ಣ ಅವಲಂಬನೆ ಇನ್ನೊಂದು ಕಾರಣಕ್ಕೂ ಅಪಾಯಕರ: ಸಾಧನಗಳು ಬಂದಂತೆ ಹೋಗುತ್ತವೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ದೂರದರ್ಶನ ತಲುಪಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಅವಧಿ ಮುಗಿದೊಡನೆ ಉಪಗ್ರಹ ಹಿಂದಿರುಗಿತು, ಪ್ರಸಾರ ನಿಂತಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಆರಂಭದ ಪ್ರಯೋಗಶಾಲೆಗಳಾದವು. ಆ ಉಪಗ್ರಹದ ಆಯುಷ್ಯವೂ ತೀರಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಇವು ಯಾವುವೂ ವ್ಯರ್ಥವಲ್ಲ. ಅದರದರ ಕಾಲದಲ್ಲಿ ಅದರದರ ಉಪಕಾರವಾಗಿದೆ. ಆದರೆ ಪ್ರತಿ ಸಲವೂ ಸಾಧನ ಹಿಂದೆ ಸರಿದ ಮೇಲೆ ತರಗತಿಯಲ್ಲಿ ಉಳಿದದ್ದು ಅಧ್ಯಾಪಕರು ಮತ್ತು ಅವರ ತಿಳಿವಳಿಕೆ. ವಿದ್ಯುತ್ತು ಹೋದ ಮಧ್ಯಾಹ್ನ ಪದ್ಯವನ್ನು ಬಾಯಿಂದ ಹೇಳಿ ಕಪ್ಪುಹಲಗೆಯ ಮೇಲೆ ಬಿಡಿಸಲಾರದವರು ವಿದ್ಯುತ್ತು ಇದ್ದಾಗಲೂ ಅದನ್ನು ಬೋಧಿಸುತ್ತಿರಲಿಲ್ಲ.

ಹಾಗಾದರೆ ಕ್ರಮ ಯಾವುದು? ಅಧ್ಯಯನದ ವಿಧಾನವನ್ನು ಕುರಿತು ನಮ್ಮ ಪರಂಪರೆಯಲ್ಲಿಯೇ ಒಂದು ಖಚಿತವಾದ ವಿಂಗಡಣೆ ಇದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಸ್ವಾಧ್ಯಾಯದ ಐದು ಅಂಗಗಳನ್ನು ಹೇಳುತ್ತದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ ಮತ್ತು ಧರ್ಮೋಪದೇಶ. ಧಾರ್ಮಿಕ ಸಂದರ್ಭವನ್ನು ಬದಿಗಿಟ್ಟು ಬೋಧನಶಾಸ್ತ್ರವಾಗಿ ನೋಡಿದರೂ ಇದು ಉಪಯುಕ್ತ. ಪಠ್ಯವನ್ನು ಓದುವುದು, ಸಂದೇಹವನ್ನು ಕೇಳುವುದು, ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸುವುದು, ಶುದ್ಧವಾಗಿ ಉಚ್ಚರಿಸಿ ಆವರ್ತಿಸುವುದು, ಕೊನೆಗೆ ಇನ್ನೊಬ್ಬರಿಗೆ ಹೇಳುವುದು. ವಾಚನಕ್ಕೆ ಬೇಕಾದ ಓಲೆಯನ್ನೋ ಶಾಸನವನ್ನೋ ತೆರೆ ಒದಗಿಸಬಲ್ಲದು. ಪ್ರಶ್ನೆ ಹುಟ್ಟಿದ ಮೇಲೆ ಉತ್ತರ ಹುಡುಕಲು ನಿಘಂಟು, ಪಠ್ಯಕೋಶಗಳು ನೆರವಾಗುತ್ತವೆ. ಆವರ್ತನೆಗೆ ಗಮಕಿಯ ಧ್ವನಿಮುದ್ರಿಕೆ ಮಾದರಿಯಾಗುತ್ತದೆ. ಆದರೆ ಪ್ರಶ್ನೆ ಹುಟ್ಟಬೇಕಾದದ್ದು ವಿದ್ಯಾರ್ಥಿಯಲ್ಲಿ. ಅನುಪ್ರೇಕ್ಷೆಯನ್ನು ಬೇರೆಯವರು ಮಾಡಿಕೊಡಲಾಗದು. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳುವಾಗ ಯಾರದೋ ಅರ್ಥವನ್ನು ಒಪ್ಪಿಸಿದರೆ ಅದು ಉಪದೇಶವಾಗದು.

ಇದರಿಂದ ತರಗತಿಯ ಒಂದು ಸರಳವಾದ ಅನುಕ್ರಮ ಹೊರಡುತ್ತದೆ. ಮೊದಲು ಪದ್ಯವನ್ನು ಅಧ್ಯಾಪಕರು ಓದಲಿ, ವಿದ್ಯಾರ್ಥಿಗಳು ಓದಲಿ. ಪದಗಳನ್ನು ತಾವೇ ಬಿಡಿಸಲಿ, ತಪ್ಪಾದರೂ ಚಿಂತೆಯಿಲ್ಲ. ಆ ಬಳಿಕ ನಿಘಂಟು ತೆರೆಯಲಿ. ಪಾಠದಲ್ಲಿ ಸಂದೇಹ ಬಂದಲ್ಲಿ ಓಲೆಯ ಚಿತ್ರವನ್ನೋ ಬೇರೊಂದು ಆವೃತ್ತಿಯನ್ನೋ ತೆರೆಯ ಮೇಲೆ ತರಲಿ. ಕೊನೆಗೆ, ಬೇಕಾದರೆ, ಯಂತ್ರ ಕೊಟ್ಟ ಗದ್ಯವನ್ನು ಮುಂದಿಟ್ಟು ಅದರ ತಪ್ಪುಗಳನ್ನು ತರಗತಿಯೇ ಹುಡುಕಲಿ. ಇದಕ್ಕೆ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಮೊಬೈಲು ಬೇಕಿಲ್ಲ. ಕೋಣೆಗೊಂದು ತೆರೆ ಸಾಕು. ಅದೂ ಇಲ್ಲದ ಶಾಲೆಯಲ್ಲಿ ಓಲೆಯ ಚಿತ್ರದ ಒಂದು ಜೆರಾಕ್ಸ್ ಪ್ರತಿ ಆ ಕೆಲಸವನ್ನು ಮಾಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಪಠ್ಯ ಮುಗಿಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲ ಪದ್ಯಗಳನ್ನೂ ಹೀಗೆ ಓದಲಾಗದು. ವರ್ಷಕ್ಕೆ ನಾಲ್ಕೈದು ಪದ್ಯಗಳನ್ನಾದರೂ ಹೀಗೆ ಓದಿದ ವಿದ್ಯಾರ್ಥಿಗೆ ಉಳಿದವುಗಳ ಹಾದಿ ತಿಳಿಯುತ್ತದೆ.

ತರಬೇತಿಯ ವ್ಯವಸ್ಥೆಯೂ ಇದಕ್ಕೆ ತಕ್ಕಂತೆ ತಿರುಗಬೇಕು. ಬಿ.ಇಡಿ.ಯನ್ನು ಎರಡು ವರ್ಷಕ್ಕೆ ವಿಸ್ತರಿಸಿದ 2014ರ ನಿಯಮಾವಳಿಯ ಬೆನ್ನಲ್ಲೇ ಬಂದ ಪಠ್ಯಕ್ರಮದ ಚೌಕಟ್ಟು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ‘ವಿಮರ್ಶಾತ್ಮಕ ತಿಳಿವಳಿಕೆ’ಯನ್ನು ಕೇಳುತ್ತದೆ. ಆ ವಿಶೇಷಣ ಅಲ್ಲಿ ಸುಮ್ಮನೆ ಬಂದದ್ದಲ್ಲ. ಬೋಧನಾಭ್ಯಾಸದ ಮೌಲ್ಯಮಾಪನದಲ್ಲಿ ಸ್ಲೈಡುಗಳ ಅಂದಕ್ಕೆ ಅಂಕ ಕೊಡುವ ಬದಲು, ತೆರೆಯ ಮೇಲೆ ತಂದ ವಸ್ತು ವಿದ್ಯಾರ್ಥಿಯಲ್ಲಿ ಯಾವ ಪ್ರಶ್ನೆಯನ್ನು ಹುಟ್ಟಿಸಿತೆಂದು ನೋಡಬೇಕು. ಕನ್ನಡ ವಿಷಯದ ಭಾವಿ ಅಧ್ಯಾಪಕರಿಗೆ ತಂತ್ರಜ್ಞಾನದ ಪತ್ರಿಕೆಯ ಭಾಗವಾಗಿಯೇ ಒಂದು ಓಲೆಯ ಚಿತ್ರವನ್ನು ಲಿಪ್ಯಂತರಿಸುವ, ೞ ಱಗಳನ್ನು ಉಳಿಸಿ ಬೆರಳಚ್ಚು ಮಾಡುವ, ಒಂದು ಕಂದವನ್ನು ಕೈಯಿಂದಲೂ ಯಂತ್ರದಿಂದಲೂ ಎಣಿಸಿ ಹೋಲಿಸುವ ಕೆಲಸವನ್ನು ಕೊಡಬಹುದು.

ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ಗ್ರಂಥಗಳ ಚರಿತ್ರೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಕನ್ನಡ ಲಿಪಿಯಲ್ಲಿ ಬರೆದ ಆ ಪ್ರಾಕೃತ-ಸಂಸ್ಕೃತ ಓಲೆಗಳು ಬಹುಕಾಲ ಯಾತ್ರಿಕರ ದರ್ಶನಕ್ಕಷ್ಟೇ ಇದ್ದವು. ಭಕ್ತಿಯಿಂದ ಅವುಗಳನ್ನು ಕಾಯ್ದುಕೊಂಡು ಬಂದವರಿಂದಲೇ ಅವು ಉಳಿದವು; ಆದರೆ ಅವು ಮತ್ತೆ ಓದಿಗೆ ಬಂದದ್ದು ಪ್ರತಿಗಳಾಗಿ, ಲಿಪ್ಯಂತರವಾಗಿ, ಹೀರಾಲಾಲ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾದ ಮೇಲೆ. ಓಲೆಗಳು ಇಂದು ಸಾವಿರಗಟ್ಟಲೆ ಚಿತ್ರಗಳಾಗಿ ಗಣಕದಲ್ಲಿ ಸೇರುತ್ತಿವೆ. ಅವುಗಳನ್ನು ತೆರೆಯ ಮೇಲೆ ತೋರಿಸಿ, ಎಷ್ಟು ಪ್ರಾಚೀನ, ಎಷ್ಟು ಸುಂದರ ಎಂದು ಮುಂದಿನ ಸ್ಲೈಡಿಗೆ ಹೋದರೆ ಹಳಗನ್ನಡ ಮತ್ತೊಮ್ಮೆ ದರ್ಶನದ ವಸ್ತುವಾಗುತ್ತದೆ, ಈ ಸಲ ಬೀಗವಿಲ್ಲದೆಯೇ. ಮೊದಲ ಸಾಲನ್ನು ಓದಿ ಎಂದು ವಿದ್ಯಾರ್ಥಿಗೆ ಹೇಳಿ, ಅವನು ತಡವರಿಸುವಷ್ಟು ಹೊತ್ತು ಕಾಯಬಲ್ಲ ಅಧ್ಯಾಪಕರು ಇದ್ದರೆ ಅದೇ ಚಿತ್ರ ಅಧ್ಯಯನದ ವಸ್ತುವಾಗುತ್ತದೆ.